ದೇವರ ನೆಪ ಬೇಡ, ದ್ವೀಪಕ್ಕೇ ಹೋಗೋಣ!

ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಂಡ, ಮಕ್ಕಳು, ಅತ್ತೆ, ಮಾವ ಯಾರೂ ಇಲ್ಲದೆ ಬರೀ ಗೆಳತಿಯರ ಜೊತೆ ನೀವು ಒಂದು ಇಡೀ ದಿನ ಹೊರಗೆ ಹೋಗಿದ್ದು ಯಾವಾಗ? 'ಹೋದ ವರ್ಷವಷ್ಟೇ ಧರ್ಮಸ್ಥಳಕ್ಕೆ ಹೋಗಿದ್ವಲ್ಲ' ಅಂತೀರಾ? ಸರಿ, ದೇವಸ್ಥಾನ ಬಿಟ್ಟು ಹೇಳಿ... ಈಗ ಸುಮ್ಮನಾದಿರಿ ಅಲ್ವೇ? ನಾನೂ ಹಾಗೇ ಸುಮ್ಮನಾಗಿದ್ದೆ.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಶುರುವಾದ ಮೇಲೆ ನಮ್ಮ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರ ಗುಂಪುಗಳನ್ನು ನೋಡಿ ಖುಷಿಯಾಗುತ್ತೆ. ಆದರೆ ಬಸ್ಸಿನ ಬೋರ್ಡ್ ನೋಡಿ. ಶೃಂಗೇರಿ, ಕೊಲ್ಲೂರು, ಸಿಗಂದೂರು, ಧರ್ಮಸ್ಥಳ. ದೇವರ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ಬೇಡ ಅನ್ನೋದಿಲ್ಲ. 'ನಾವು ಸಮುದ್ರ ನೋಡಿ, ದೋಣಿ ಹತ್ತಿ, ನೀರಿನಲ್ಲಿ ಆಡಿ ಬರ್ತೀವಿ' ಅಂತ ಹೇಳಿ ನೋಡಿ! 'ಈ ವಯಸ್ಸಿಗೆ ಇದೆಲ್ಲ ಬೇಕಾ' ಅಂತ ಮೊದಲು ಕೇಳೋದು ಗಂಡ ಅಲ್ಲ, ನಮ್ಮ ಮನಸ್ಸೇ.

ನಾನು ದೈವಭಕ್ತಿಯ ವಿರೋಧಿ ಅಂತ ತಿಳೀಬೇಡಿ. ಆದರೆ ದೇವಸ್ಥಾನದ ಪ್ರವಾಸ ನಮಗೆ ಪೂರ್ತಿ ರಜೆ ಅಲ್ಲ. ಮೊದಲು ಕ್ಯಾಲೆಂಡರ್ ಹಿಡಿದು ಎಲ್ಲರ 'ಡೇಟ್' ಲೆಕ್ಕ ಹಾಕಬೇಕು. ಒಬ್ಬಳದು ಹೊಂದಲಿಲ್ಲ ಅಂದರೆ ಡಾಕ್ಟರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ದಿನ ಮುಂದೂಡೋದು. ಮನೆಯವರ ಹರಕೆ, ಪಕ್ಕದ ಮನೆಯವರಿಗೆ ಪ್ರಸಾದ, ಅತ್ತೆ ಹೇಳಿದ ಕುಂಕುಮಾರ್ಚನೆ, ಹೀಗೆ ನಮ್ಮ ಬ್ಯಾಗಿನಲ್ಲಿ ಊರವರ ಕೆಲಸವೇ ತುಂಬಿರುತ್ತೆ. ಸಮುದ್ರ ನಿಮ್ಮನ್ನು ಏನೂ ಕೇಳೋದಿಲ್ಲ.

ನನ್ನ ತವರು ಭದ್ರಾವತಿ, ಗಂಡನ ಮನೆ ಶಿವಮೊಗ್ಗ. ಎರಡೂ ಹೊಳೆಯ ಪಕ್ಕದ ಊರುಗಳೇ. ಮಳೆಗಾಲದಲ್ಲಿ ಭದ್ರಾ ಡ್ಯಾಮಿನ ಗೇಟು ತೆಗೆದರೆ ಅಲ್ಲಿ ಹೊಸ ಸೇತುವೆ ಮುಳುಗುತ್ತೆ. ಇಲ್ಲಿ ತುಂಗೆ ತುಂಬಿದರೆ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡೋಕೆ ಊರೇ ಹೋಗುತ್ತೆ. ಡ್ಯಾಮು 186 ಅಡಿ ಮುಟ್ಟಿತಾ ಅಂತ ಪೇಪರಿನಲ್ಲಿ ದಿನಾ ನೋಡೋ ನಮಗೆ ಈಜು ಮಾತ್ರ ಬರೋದಿಲ್ಲ! ಅಣ್ಣ ತಮ್ಮಂದಿರು ಹೊಳೆಗೆ ಬಿದ್ದು ಕಲಿತರು, ನಾವು ದಡದಲ್ಲಿ ಬಟ್ಟೆ ಕಾಯ್ತಾ ಕೂತಿದ್ವಿ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಜೀವನದಲ್ಲಿ ಸಿಕ್ಕ ದೋಣಿ ಪ್ರಯಾಣ ಅಂದರೆ ಸಿಗಂದೂರಿನ ಲಾಂಚ್ ಒಂದೇ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ದೊಡ್ಡ ಸೇತುವೆ ಆದ ಮೇಲೆ ಅದಕ್ಕೂ ಕಾರಣ ಉಳಿಯಲಿಲ್ಲ.

ನಾವು ಏಳು ಜನ ಒಂದು ಚೀಟಿ ಶುರು ಮಾಡಿದ್ವಿ. ತಿಂಗಳಿಗೆ ಇನ್ನೂರು ರೂಪಾಯಿ, ಹತ್ತು ತಿಂಗಳು. ಯಾರ ಮನೆಯಲ್ಲೂ ಗಂಡನ ಹತ್ತಿರ ಕೈಯೊಡ್ಡಬಾರದು ಅನ್ನೋದೊಂದೇ ಷರತ್ತು. ನಾನು, ನನ್ನ ಓರಗಿತ್ತಿ, ಅಕ್ಕಪಕ್ಕದ ಮನೆಯ ಇಬ್ಬರು, ಭದ್ರಾವತಿಯ ಮೂವರು. ಅವರಲ್ಲಿ ಒಬ್ಬರು ರಿಟೈರ್ ಆದ ಟೀಚರ್ ಅಕ್ಕ.

ಮೊದಲನೇ ಸಲ ಹೋಗಿದ್ದು ಮಲೆನಾಡಿನ ಒಂದು ಹಿನ್ನೀರಿಗೆ. ಜಾಗದ ಹೆಸರು ಬೇಡ. ಅಲ್ಲಿ ಒಬ್ಬ ನಮ್ಮನ್ನು ದೋಣಿ ಹತ್ತಿಸಿದ. ನಡುವಿನ ಗುಡ್ಡಕ್ಕೆ ಕರ್ಕೊಂಡು ಹೋಗ್ತೀನಿ ಅಂದ. ಆಗಲೇ ಅದರಲ್ಲಿ ಇನ್ನೊಂದು ಗುಂಪು ಕೂತಿತ್ತು. ಲೈಫ್ ಜಾಕೆಟ್ ಕೇಳಿದರೆ, 'ಯಾಕ್ ಅಕ್ಕಾ, ಹತ್ತೇ ನಿಮಿಷ' ಅಂದ. ಟೀಚರ್ ಅಕ್ಕ ಎದ್ದು ನಿಂತು, 'ನಾನು ಇಳೀತೀನಿ' ಅಂದ್ರು. ದೋಣಿಯಲ್ಲಿದ್ದ ಗಂಡಸರು ನಕ್ಕರು. 'ಹೆದರೋರು ಯಾಕೆ ಬರಬೇಕು' ಅಂದ ಒಬ್ಬ. ನಾಚಿಕೆಗೆ ನಮ್ಮಲ್ಲೇ ಇಬ್ಬರು, 'ಕೂತ್ಕೊಳ್ಳಿ ಅಕ್ಕ, ಎಲ್ರೂ ನೋಡ್ತಿದಾರೆ' ಅಂದ್ವಿ. ಹೌದು, ಆ ಇಬ್ಬರಲ್ಲಿ ನಾನೂ ಒಬ್ಬಳು. ಕೊನೆಗೆ ಏಳೂ ಜನ ಇಳಿದ್ವಿ. ದಡದಲ್ಲಿ ಕೂತು ಮನೆಯಿಂದ ತಂದ ಪುಳಿಯೋಗರೆ ತಿಂದು ವಾಪಸ್ ಬಂದ್ವಿ. ದೋಣಿಯೂ ಸುರಕ್ಷಿತವಾಗಿ ಹೋಗಿ ಬಂತು. ನಮ್ಮ ಮುಖಕ್ಕೆ ಮಸಿ ಬಳಿದ ಹಾಗಾಯ್ತು. ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ.

ರಾತ್ರಿ ನಿದ್ದೆ ಬರದೆ ಯೋಚನೆ ಮಾಡ್ತಿದ್ದಾಗ ನೆನಪಾಗಿದ್ದು ಹಾಡೋನಹಳ್ಳಿ. 2016ರ ಸೆಪ್ಟೆಂಬರಿನಲ್ಲಿ ಹೊಳೆಹೊನ್ನೂರಿನ ಹತ್ತಿರ ಗಣಪತಿ ಬಿಡಲು ಹೋದವರ ತೆಪ್ಪ ತುಂಗಭದ್ರೆಯಲ್ಲಿ ಮಗುಚಿ 12 ಜನ ಹೋದರಲ್ಲ! ಅಲ್ಲೂ ದಡ ದೂರ ಇರಲಿಲ್ಲ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಪ್ರವಾಸಿಗರ ದೋಣಿ ಮುಳುಗಿ 22 ಜನ ತೀರಿಕೊಂಡರು, ಅವರಲ್ಲಿ ಮಕ್ಕಳೇ ಹೆಚ್ಚು. ಹಿಡಿಸಲಾರದಷ್ಟು ಜನರನ್ನು ತುಂಬಿದ್ದರು. 2024ರ ಡಿಸೆಂಬರ್ 18ರಂದು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟ ದೋಣಿಗೆ ನೌಕಾಪಡೆಯ ಸ್ಪೀಡ್ ಬೋಟ್ ಬಡಿಯಿತು. ಒಂದು ದಿನದ ದ್ವೀಪ ಪ್ರವಾಸಕ್ಕೆ ನಮ್ಮ ಹಾಗೇ ಹೊರಟಿದ್ದವರು. ಬಹಳ ಜನರ ಮೈಮೇಲೆ ಜಾಕೆಟ್ ಇರಲಿಲ್ಲ. ಮಾರನೇ ದಿನ ನಾನು ಟೀಚರ್ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು 'ಅದಿರಲಿ, ಮುಂದೆ ಎಲ್ಲಿಗೆ?' ಅಂದ್ರು.

ಮುಂದೆ ಹೋಗಿದ್ದು ಮಲ್ಪೆಗೆ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ. ಜನವರಿ ತಿಂಗಳು, ವಾರದ ಮಧ್ಯದ ದಿನ. ಶನಿವಾರ ಭಾನುವಾರ ಬೇಡವೇ ಬೇಡ, ಜಾತ್ರೆ ಇರುತ್ತೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡೋದಿಲ್ಲ, ಆಮೇಲೂ ಹವಾಮಾನ ನೋಡಿಯೇ ಬಿಡ್ತಾರೆ. ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಬಸ್ಸು ಇಳಿಯೋದಿಲ್ಲ, ಟೆಂಪೋ ಟ್ರಾವೆಲರ್ ಆದರೆ ಸಲೀಸು. ಇದಕ್ಕೇ ನಾನು ಹೇಳೋದು, ಗುಂಪು ಚಿಕ್ಕದಿರಲಿ ಅಂತ. ನಲವತ್ತು ಜನರ ಪ್ಯಾಕೇಜ್ ಟೂರಿನಲ್ಲಿ ಒಬ್ಬರಿಗೆ ಬಾತ್‌ರೂಮಿಗೆ ಹೋಗಬೇಕು ಅಂತ ಹೇಳೋಕೂ ಸಂಕೋಚ. ಏಳೆಂಟು ಜನರಲ್ಲಿ ಹಾಗಲ್ಲ. ತೀರ್ಥಹಳ್ಳಿಯಲ್ಲಿ ನಿಲ್ಲಿಸು ಅಂದರೆ ನಿಲ್ಲಿಸ್ತಾರೆ. ಅಂದ ಹಾಗೆ, ಬಾತ್‌ರೂಮಿನ ಭಯಕ್ಕೆ ನೀರು ಕುಡಿಯದೆ ಇರೋ ನಮ್ಮ ಕೆಟ್ಟ ಅಭ್ಯಾಸ ಸಮುದ್ರದ ಬಿಸಿಲಿಗೆ ಆಗಿಬರೋದಿಲ್ಲ. ತಲೆನೋವು ಗ್ಯಾರಂಟಿ. ನೀರು ಕುಡೀರಿ, ನಿಲ್ಲಿಸೋಕೆ ಹೇಳಿ.

ಬೆಳಗ್ಗೆ ಐದಕ್ಕೆ ಹೊರಟು, ಮಂಡಗದ್ದೆ ದಾಟಿ, ಆಗುಂಬೆಯಲ್ಲಿ ಕಾಫಿ ಕುಡಿದು ಹತ್ತರ ಹೊತ್ತಿಗೆ ಮಲ್ಪೆಯಲ್ಲಿದ್ವಿ. ಈ ಸಲ ದೋಣಿ ಹತ್ತೋ ಮೊದಲೇ ಜಾಕೆಟ್ ಹಾಕಿಕೊಂಡು ಒಬ್ಬರದ್ದನ್ನು ಒಬ್ಬರು ಪರೀಕ್ಷೆ ಮಾಡಿದ್ವಿ. ಹೇಗೆ ಗೊತ್ತಾ? ಬಕಲ್‌ಗಳನ್ನೆಲ್ಲ ಹಾಕಿದ ಮೇಲೆ ಇನ್ನೊಬ್ಬರು ಎರಡೂ ಭುಜದ ಹತ್ತಿರ ಹಿಡಿದು ಜಾಕೆಟನ್ನು ಮೇಲಕ್ಕೆ ಎಳೀಬೇಕು. ಅದು ಗಲ್ಲ ದಾಟಿ ಮುಖಕ್ಕೆ ಬಂದರೆ ಸಡಿಲ ಅಂತ ಅರ್ಥ, ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತೆ, ನೀವು ಕೆಳಗೆ! ಸೀರೆ ಬೇಡ, ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತೆ. ಚೂಡಿದಾರ್ ಹಾಕಿ, ದುಪ್ಪಟ್ಟಾ ವ್ಯಾನಿನಲ್ಲೇ ಬಿಡಿ. ಕರಿಮಣಿ ಸರ ಏನು ಮಾಡೋದು ಅನ್ನೋದು ನಮ್ಮಲ್ಲಿ ದೊಡ್ಡ ಚರ್ಚೆ ಆಯ್ತು. ಬಿಚ್ಚಿಡೋಕೆ ಮನಸ್ಸಿಲ್ಲದವರು ಒಳಗೆ ಹಾಕಿ ಪಿನ್ ಮಾಡಿಕೊಂಡರು, ಇಬ್ಬರು ಮನೆಯಲ್ಲೇ ಬಿಟ್ಟು ಬಂದಿದ್ದರು. ಅದು ಅವರವರಿಗೆ ಬಿಟ್ಟದ್ದು. ಬಸ್ಸಿನಲ್ಲೇ ವಾಂತಿ ಬರೋರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹೊರಡೋ ಮೊದಲೇ ತಗೊಳ್ಳಿ, ಹೊಟ್ಟೆ ತೊಳಸಿದ ಮೇಲೆ ನುಂಗಿ ಪ್ರಯೋಜನ ಇಲ್ಲ.

ದ್ವೀಪದ ಬಗ್ಗೆ ಏನು ಹೇಳಲಿ! ಇಟ್ಟಿಗೆ ಜೋಡಿಸಿಟ್ಟ ಹಾಗೆ ಆರು ಮೂಲೆಯ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಅಂತೆ ಅದು. ಕೆರೆ ಬತ್ತಿದಾಗ ಕೆಸರು ಬಿರಿಯುತ್ತಲ್ಲ, ಹಾಗೆ ಲಾವಾ ಆರುತ್ತಾ ಕುಗ್ಗಿ ಬಿರಿದು ಕಂಬಗಳಾಗಿವೆ. ವಾಸ್ಕೊ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಅನ್ನೋದು ಪ್ರತೀತಿ. ದಡದ ತುಂಬ ಕಪ್ಪೆಚಿಪ್ಪು, ಬರಿಗಾಲಲ್ಲಿ ನಡೆದರೆ ಚುಚ್ಚುತ್ತೆ, ಗ್ರಿಪ್ ಇರೋ ಚಪ್ಪಲಿ ಬೇಕು. ಬಂಡೆಗಳ ಮೇಲೆ ಫೋಟೋಕ್ಕೆ ಹತ್ತಬೇಡಿ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರದ ಪಾಲಾದರು.

ನೀರಾಟ ಊಟಕ್ಕೆ ಮೊದಲೇ ಮುಗಿಸಿ. ದ್ವೀಪದಿಂದ ಬಂದು ಮಲ್ಪೆ ದಡದಲ್ಲಿ ನಾವು ನಾಲ್ವರು ಬನಾನಾ ಬೋಟ್ ಹತ್ತಿದ್ವಿ. ಅವರು ಬೇಕೂಂತಲೇ ಕೊನೆಗೆ ನೀರಿಗೆ ಬೀಳಿಸ್ತಾರೆ, ಬೇಡ ಅಂದರೆ ಮೊದಲೇ ಹೇಳಿ. ನಾನು ಹೇಳಲಿಲ್ಲ! ಮುಳುಗಿ ಎದ್ದಾಗ ಮೂಗು ಬಾಯಿಯಲ್ಲೆಲ್ಲ ಉಪ್ಪು, ಎರಡು ಕ್ಷಣ ಸತ್ತೇ ಹೋದೆ ಅನ್ನಿಸಿತು. ಆಮೇಲೆ ಜಾಕೆಟ್ ನನ್ನನ್ನು ಎತ್ತಿ ಹಿಡಿದಿದೆ ಅಂತ ಗೊತ್ತಾಯ್ತು. ಹಾಗೇ ಅಂಗಾತ ಮಲಗಿದೆ. ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ನನ್ನ ಭಾರವನ್ನು ಬೇರೆ ಯಾವುದೋ ಹೊತ್ತಿತ್ತು. ಬೆನ್ನುನೋವು, ಬಿಪಿ ಇರೋರು, ಬಸುರಿಯರು ಮಾತ್ರ ಇಂಥ ಕುಲುಕುವ ಬೋಟುಗಳ ಹತ್ತಿರ ಹೋಗಬೇಡಿ. ನನ್ನ ಓರಗಿತ್ತಿ ಬೆನ್ನಿನ ಕಾರಣಕ್ಕೆ ದಡದಲ್ಲೇ ಕೂತು ನಮಗಿಂತ ಜಾಸ್ತಿ ಕಿರುಚಿದಳು.

ಇನ್ನು ಊಟದ ವಿಷಯ. ಇಲ್ಲಿ ನನ್ನ ಹಟ ಒಂದೇ. ಮನೆಯಿಂದ ಏನೂ ಕಟ್ಟಿಕೊಂಡು ಹೋಗಬೇಡಿ! ಮೊದಲ ಸಲ ಪುಳಿಯೋಗರೆ, ಚಪಾತಿ, ಮೊಸರನ್ನ ಅಂತ ಇಬ್ಬರು ಬೆಳಗ್ಗೆ ಮೂರಕ್ಕೆ ಎದ್ದಿದ್ದರು. ಅವರಿಗೆ ಅದು ಪ್ರವಾಸವೇ ಆಗಲಿಲ್ಲ. ಒಬ್ಬಾಕೆ ದಾರಿಯುದ್ದಕ್ಕೂ ನಿದ್ದೆ ಹೊಡೆದಳು, ಇನ್ನೊಬ್ಬಳು ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆ ತೊಳೆದಳು. 'ಹೋಟೆಲ್ ಊಟಕ್ಕೆ ದುಡ್ಡು ದಂಡ' ಅಂತ ನಾವೇ ಹೇಳ್ತೀವಿ. ನಮ್ಮ ನಿದ್ದೆಗೆ ಬೆಲೆ ಇಲ್ಲವೇ? ನಮ್ಮ ಗುಂಪಿನಲ್ಲಿ ಮೂವರು ಮೀನು ತಿನ್ನೋರು, ನಾಲ್ವರು ತಿನ್ನದವರು. ಈ ಮಾತನ್ನು ಚೀಟಿ ಶುರುವಾದ ದಿನವೇ ಮುಕ್ತವಾಗಿ ಆಡಿಬಿಡಿ, ಅಲ್ಲಿಗೆ ಹೋದ ಮೇಲೆ ಮುಖ ಸಿಂಡರಿಸೋದು ಬೇಡ. ನಾವು ಮೂವರನ್ನು ಮಲ್ಪೆಯಲ್ಲಿ ಮೀನಿನ ಊಟಕ್ಕೆ ಬಿಟ್ಟು, ಉಳಿದವರು ಉಡುಪಿಯಲ್ಲಿ ಎಲೆ ಊಟ ಮಾಡಿ ಮತ್ತೆ ಬಂದು ಸೇರಿದ್ವಿ. ಬಂಗುಡೆ ತಿಂದವರ ಸಂತೋಷ ನೋಡಿ ನಮಗೇ ಹೊಟ್ಟೆಕಿಚ್ಚಾಯ್ತು ಅನ್ನಿ!

ನಾಲ್ಕಕ್ಕೆ ಹೊರಟರೆ ಆಗುಂಬೆಯಲ್ಲಿ ಸೂರ್ಯಾಸ್ತ ಸಿಗುತ್ತೆ, ಘಾಟಿಯನ್ನೂ ಬೆಳಕಿನಲ್ಲೇ ದಾಟಬಹುದು.

ಮಲ್ಪೆ ದೂರ ಆಯ್ತು ಅನ್ನೋರಿಗೆ ನಮ್ಮ ಪಕ್ಕದಲ್ಲೇ ಲಕ್ಕವಳ್ಳಿ ಇದೆಯಲ್ಲ. ಭದ್ರಾ ಹಿನ್ನೀರಿನ ದಡದಲ್ಲಿ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಬೇಸಿಗೆಯಲ್ಲಿ ನೀರಿಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅದನ್ನು ದೋಣಿಯಿಂದ ನೋಡೋದೇ ಚೆಂದ, ಇಳಿಯುವ ಆಸೆ ಬೇಡ. ಸಾಗರದ ಕಡೆಯವರಿಗೆ ತಾಳಗುಪ್ಪದ ಹತ್ತಿರ ಹೊನ್ನೇಮರಡು ಇದೆ. ಎರಡು ಕಡೆಗೂ ಮೊದಲೇ ವಿಚಾರಿಸಿಕೊಂಡು ಹೋಗಿ.

ಒಂದು ವಿಷಯ ಬರೀಲೋ ಬೇಡವೋ ಅಂತಿದ್ದೆ. ನಮ್ಮಲ್ಲಿ ಒಬ್ಬಾಕೆ ಮನೆಯಲ್ಲಿ 'ಉಡುಪಿ ಕೃಷ್ಣನ ದರ್ಶನಕ್ಕೆ' ಅಂತ ಹೇಳಿ ಬಂದಿದ್ದಳು. ಮಠಕ್ಕೆ ಹೋಗೋಕೆ ಹೊತ್ತೇ ಸಿಗಲಿಲ್ಲ. ಪಾಪ, ದಾರಿಯುದ್ದಕ್ಕೂ ಪ್ರಸಾದಕ್ಕೆ ಏನು ಮಾಡಲಿ ಅಂತ ಒದ್ದಾಡಿದಳು. ಮುಖ ಕೆಂಪಗೆ ಸುಟ್ಟಿತ್ತು, ತಲೆಯಲ್ಲಿ ಮರಳು. ಮನೆಯಲ್ಲಿ ಗೊತ್ತಾಗಿ ಎಂಟು ದಿನ ಮಾತಿಲ್ಲ. ಅವರಿಗೆ ಕೋಪ ಬಂದಿದ್ದು ಸಮುದ್ರಕ್ಕೆ ಹೋಗಿದ್ದಕ್ಕಲ್ಲವಂತೆ, ಸುಳ್ಳು ಹೇಳಿದ್ದಕ್ಕಂತೆ. ನಿಜ ಹೇಳಿದ್ದರೆ ಬಿಡ್ತಿದ್ರಾ ಅಂತ ನಾನು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಮುಂದಿನ ಸಲ ನಾವೆಲ್ಲ ಸೇರಿ ಅವಳ ಮನೆಗೆ ಹೋಗಿ, 'ದ್ವೀಪಕ್ಕೆ ಹೋಗ್ತಿದೀವಿ, ಇವಳನ್ನೂ ಕಳಿಸಿ' ಅಂತ ನೇರವಾಗಿ ಹೇಳೋದು ಅಂತ ತೀರ್ಮಾನ ಆಗಿದೆ. ಬಿಡ್ತಾರೋ ಇಲ್ಲವೋ, ಕೇಳಿ ನೋಡ್ತೀವಿ.

ನಾನು ನಮ್ಮ ಮನೆಯಲ್ಲಿ ಮೊದಲೇ ನಿಜ ಹೇಳಿದ್ದೆ. ಅತ್ತೆ ಒಂದು ಮಾತೂ ಆಡಿರಲಿಲ್ಲ. ಬಂದ ರಾತ್ರಿ ಒದ್ದೆ ಬಟ್ಟೆ ಹಿಂಡುತ್ತಿದ್ದಾಗ ಬಚ್ಚಲ ಬಾಗಿಲಿಗೆ ಬಂದು ನಿಂತರು. 'ನಾನು ಸಮುದ್ರ ನೋಡಿದ್ದು ಒಂದೇ ಸಲ ಕಣೇ, ನಿಮ್ಮ ಮಾವನ ಅಸ್ಥಿ ಬಿಡೋಕೆ ಗೋಕರ್ಣಕ್ಕೆ ಹೋದಾಗ. ಆವತ್ತು ಅದನ್ನೆಲ್ಲಿ ನೋಡಿದೆ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಅರವತ್ತೇಳು ವರ್ಷದವರಿಗೂ ಆ ಜಾಕೆಟ್ಟು ಕೊಡ್ತಾರಾ?' ಅಂತ ಕೇಳಿದರು.

ಈ ತಿಂಗಳಿನಿಂದ ನಮ್ಮ ಚೀಟಿಗೆ ಎಂಟು ಜನ.