ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

ಮಕ್ಕಳೇ, ನಿಮ್ಮ ಮನೆಯಲ್ಲಿ ದೊಡ್ಡವರು ಹಣದ ಮಾತು ಆಡುತ್ತಿರುವಾಗ ನೀವು ಹತ್ತಿರ ಹೋದರೆ ಏನಾಗುತ್ತದೆ? "ಇದು ದೊಡ್ಡವರ ವಿಷಯ. ನೀನು ಹೋಗಿ ಓದಿಕೋ" ಎನ್ನುತ್ತಾರೆ, ಅಲ್ಲವೇ? ನಾನೂ ನನ್ನ ಮಕ್ಕಳಿಗೆ ಹಾಗೆಯೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಮನೆಯ ಲೆಕ್ಕ ಮಕ್ಕಳಿಗೂ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ನನ್ನ ಮಗಳಿಂದ ಕಲಿತೆ. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ನಮ್ಮ ಊರು ಪಣಕಹಳ್ಳಿ. ಇದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿದೆ. ನಮ್ಮ ಮನೆಮಾತು ಕನ್ನಡ. ನಾವು ಈರೋಡಿಗೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಬಣ್ಣಾರಿ ಮತ್ತು ಸತ್ಯಮಂಗಲದ ಮೂಲಕ ಹೋಗಬೇಕು. ಕರ್ನಾಟಕದ ಚಾಮರಾಜನಗರ ನಮಗೆ ಅದಕ್ಕಿಂತ ಬಹಳ ಹತ್ತಿರ. ನಮ್ಮ ಮನೆಯಲ್ಲಿ ಐದು ಜನ ಇದ್ದೇವೆ. ನನ್ನ ಅವ್ವ, ನಾನು, ನನ್ನ ಹೆಂಡತಿ, ಐದನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ. ಸ್ವಲ್ಪ ಹೊಲವಿದೆ. ಎರಡು ಹಸುಗಳಿವೆ.

ಸಂಬಳ ಬರುವ ಮನೆಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ರೈತನ ಮನೆಗೆ ಹಾಗೆ ಬರುವುದಿಲ್ಲ. ಎಲೆಕೋಸು ನಾಟಿ ಮಾಡಿದರೆ ಸುಮಾರು ಮೂರು ತಿಂಗಳು ಕಾಯಬೇಕು. ಅರಿಶಿಣಕ್ಕೆ ಎಂಟು ಒಂಬತ್ತು ತಿಂಗಳು ಬೇಕು. ಅಲ್ಲಿಯವರೆಗೆ ಬೀಜ, ಗೊಬ್ಬರ, ಕೂಲಿ ಎಂದು ಹಣ ಹೋಗುತ್ತಲೇ ಇರುತ್ತದೆ. ಬೆಳೆ ಮಾರಿದ ದಿನ ಒಮ್ಮೆಗೇ ಬರುತ್ತದೆ. ಎಷ್ಟು ಬರುತ್ತದೆ ಎಂಬುದನ್ನು ನಾವು ಹೇಳುವಂತಿಲ್ಲ, ಮಾರುಕಟ್ಟೆ ಹೇಳುತ್ತದೆ. ಈರೋಡಿನ ಅರಿಶಿಣಕ್ಕೆ ದೇಶದಲ್ಲೆಲ್ಲ ಹೆಸರಿದೆ. ಆದರೂ ಅದರ ಬೆಲೆ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಎಲೆಕೋಸಿನ ಬೆಲೆಯಂತೂ ವಾರಕ್ಕೊಂದು ತರಹ.

ಒಂದು ವರ್ಷ ನಾನು ಮಕ್ಕಳಿಗೆ ಒಂದು ಮಾತು ಕೊಟ್ಟಿದ್ದೆ. "ಎಲೆಕೋಸು ಮಾರಿದ ಮೇಲೆ ದಸರಾ ರಜೆಯಲ್ಲಿ ಮೈಸೂರಿಗೆ ಹೋಗೋಣ" ಎಂದಿದ್ದೆ. ಮಗ ತನ್ನ ಶಾಲೆಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದ. ಆದರೆ ಆ ಸಲ ಎಲ್ಲರ ಹೊಲದಲ್ಲೂ ಎಲೆಕೋಸು ಒಟ್ಟಿಗೆ ಬಂದಿತು. ಬೆಲೆ ಬಿದ್ದುಹೋಯಿತು. ಕೊಯ್ದ ಕೂಲಿ, ಲಾರಿಯ ಬಾಡಿಗೆ ಕಳೆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ರಜೆ ಬಂದಿತು. ಮಕ್ಕಳು ಕೇಳಿದರು. ನಾನು "ಈ ವರ್ಷ ಆಗುವುದಿಲ್ಲ" ಎಂದಷ್ಟೇ ಹೇಳಿದೆ. "ಏಕಪ್ಪ?" ಎಂದಾಗ ಗದರಿಸಿ ಕಳಿಸಿದೆ.

ಅಂದು ರಾತ್ರಿ ನನಗೂ ನನ್ನ ಹೆಂಡತಿಗೂ ಹಣದ ವಿಷಯಕ್ಕೆ ಮಾತು ಬೆಳೆಯಿತು. ಬೇಸರದಲ್ಲಿ ನಾನು, "ಈ ಹೊಲವನ್ನು ಮಾರಿ ಎಲ್ಲಾದರೂ ಕೂಲಿಗೆ ಹೋಗೋಣ" ಎಂದುಬಿಟ್ಟೆ. ಸಿಟ್ಟಿನಲ್ಲಿ ಬಂದ ಮಾತು ಅದು. ಬೆಳಗಾಗುವಷ್ಟರಲ್ಲಿ ನಾವಿಬ್ಬರೂ ಅದನ್ನು ಮರೆತಿದ್ದೆವು. ಮಕ್ಕಳು ಮಲಗಿದ್ದಾರೆ ಎಂದುಕೊಂಡಿದ್ದೆವು.

ಮರುದಿನದಿಂದ ಮಗಳು ಹಾಲು ಕುಡಿಯುವುದನ್ನು ಬಿಟ್ಟಳು. "ನನಗೆ ಸೇರುವುದಿಲ್ಲ" ಎಂದಳು. ನಾವು ಅಷ್ಟು ಗಮನ ಕೊಡಲಿಲ್ಲ. ಒಂದು ವಾರ ಕಳೆದ ಮೇಲೆ ನನ್ನ ಅವ್ವ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು. ಆಗ ಅವಳು ಅಳುತ್ತಾ, "ಅಪ್ಪ ಹೊಲ ಮಾರುತ್ತಾರಂತೆ ಅಜ್ಜಿ. ನನ್ನ ಲೋಟದ ಹಾಲನ್ನೂ ಡೈರಿಗೆ ಹಾಕಿದರೆ ಮಾರುವುದು ಬೇಡವಾಗಬಹುದು, ಅಲ್ಲವಾ?" ಎಂದಳಂತೆ.

ಅವ್ವ ಬಂದು ಈ ಮಾತನ್ನು ಹೇಳಿದಾಗ ನನಗೆ ಊಟ ಸೇರಲಿಲ್ಲ. ಮಕ್ಕಳಿಗೆ ಚಿಂತೆ ಬೇಡವೆಂದು ನಾನು ಹಣದ ವಿಷಯವನ್ನು ಮುಚ್ಚಿಟ್ಟಿದ್ದೆ. ಆದರೆ ಅವಳಿಗೆ ನನಗಿಂತ ದೊಡ್ಡ ಚಿಂತೆ ಹತ್ತಿತ್ತು. ನನ್ನ ಚಿಂತೆ ಎಲೆಕೋಸಿನದು, ಅವಳ ಚಿಂತೆ ಇಡೀ ಹೊಲದ್ದು. ನಿಜ ಗೊತ್ತಿಲ್ಲದವರು ನಿಜಕ್ಕಿಂತ ದೊಡ್ಡದನ್ನು ಊಹಿಸಿಕೊಂಡು ಹೆದರುತ್ತಾರೆ. ಅದು ಅವಳ ತಪ್ಪಲ್ಲ, ನನ್ನ ತಪ್ಪು.

ಮುಂದಿನ ಭಾನುವಾರ ಸಂಜೆ ನಾನು ಒಂದು ನೋಟುಪುಸ್ತಕ ತಂದೆ. ಎಲ್ಲರೂ ಜಗುಲಿಯ ಮೇಲೆ ಕುಳಿತೆವು. ಮಗಳ ಅಕ್ಷರ ದುಂಡಗಿದೆ. ಆದುದರಿಂದ ಬರೆಯುವ ಕೆಲಸ ಅವಳಿಗೆ. ಕೂಡಿ ಕಳೆಯುವ ಕೆಲಸ ಮಗನಿಗೆ. ಎಡಗಡೆ ಬಂದ ಹಣ, ಬಲಗಡೆ ಹೋದ ಹಣ. ಅಂದಿನಿಂದ ಪ್ರತಿ ಭಾನುವಾರ ಈ ಕೆಲಸ ನಡೆಯುತ್ತಿದೆ.

ಮೊದಲ ವಾರವೇ ನಾನು ಸಿಕ್ಕಿಬಿದ್ದೆ. ಖರ್ಚಿನ ಕೆಳಗೆ ನಾನು "ಇತರೆ, 210 ರೂಪಾಯಿ" ಎಂದು ಬರೆಸಿದ್ದೆ. "ಇತರೆ ಅಂದರೆ ಏನಪ್ಪ?" ಎಂದು ಮಗ ಕೇಳಿದ. ತಾಳವಾಡಿಗೆ ಹೋದಾಗಲೆಲ್ಲ ಕುಡಿದ ಟೀ, ತಿಂದ ಬಜ್ಜಿ, ಎಲೆ ಅಡಿಕೆ ಎಂದು ಒಪ್ಪಿಕೊಳ್ಳಬೇಕಾಯಿತು. ಎಲ್ಲರೂ ನಕ್ಕರು. "ಮಕ್ಕಳು ಮಿಠಾಯಿ ಕೇಳಿದರೆ ದುಡ್ಡಿಲ್ಲ ಎನ್ನುತ್ತೀಯ" ಎಂದು ಅವ್ವ ಸೇರಿಸಿದರು. ಮಕ್ಕಳ ಎದುರಿಗೆ ಲೆಕ್ಕ ಬರೆದರೆ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಕಲಿಯುತ್ತಾರೆ. ನನ್ನ "ಇತರೆ" ಈಗ ಅರ್ಧಕ್ಕೆ ಇಳಿದಿದೆ.

ಇನ್ನೊಂದು ವಾರ ಮಗಳು ಒಂದು ಪ್ರಶ್ನೆ ಕೇಳಿದಳು. "ಕಳೆ ಕೀಳಲು ಬಂದವರಿಗೆ ಕೂಲಿ ಬರೆದಿದ್ದೇವೆ. ಅಮ್ಮನೂ ಅವರ ಜೊತೆ ಕಳೆ ಕಿತ್ತಳಲ್ಲ, ಅವಳ ಕೂಲಿ ಎಲ್ಲಿ?" ನಾವು ಯಾರೂ ಉತ್ತರ ಹೇಳಲಿಲ್ಲ. ನನ್ನ ಹೆಂಡತಿ ಎದ್ದರೆ ಹಾಲು ಕರೆಯುತ್ತಾಳೆ, ಅಡಿಗೆ ಮಾಡುತ್ತಾಳೆ, ಹೊಲಕ್ಕೆ ಬರುತ್ತಾಳೆ, ಮತ್ತೆ ಅಡಿಗೆ ಮಾಡುತ್ತಾಳೆ. ಪುಸ್ತಕದಲ್ಲಿ ಅವಳ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ನಮಗೆ ಭಾನುವಾರ ಇತ್ತು, ಅವಳಿಗೆ ಇರಲಿಲ್ಲ. ಅಂದೇ ಒಂದು ತೀರ್ಮಾನ ಮಾಡಿದೆವು. ಭಾನುವಾರ ಮಧ್ಯಾಹ್ನದ ಅಡಿಗೆ ನಾನೂ ಮಕ್ಕಳೂ ಮಾಡುತ್ತೇವೆ. ಮೊದಲ ದಿನ ನಮ್ಮ ಮುದ್ದೆಯಲ್ಲಿ ಗಂಟು ಇದ್ದವು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಆದರೂ ಅವಳು ಮಧ್ಯಾಹ್ನ ಎರಡು ಗಂಟೆ ಹೊತ್ತು ನಿದ್ದೆ ಮಾಡಿದಳು. ಬಿಡುವು ಮನೆಯ ಎಲ್ಲರಿಗೂ ಬೇಕು. ಒಬ್ಬರು ದುಡಿಯುತ್ತಿರುವಾಗ ಉಳಿದವರು ಕುಳಿತಿರುವುದು ಬಿಡುವಲ್ಲ.

ರಾಗಿ ತೆನೆ ಬಲಿಯುವ ಕಾಲದಲ್ಲಿ ನನಗೂ ಬಿಡುವಿಲ್ಲ. ನಮ್ಮ ಸುತ್ತ ಇರುವುದು ಸತ್ಯಮಂಗಲ ಕಾಡು. 2013ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿನಿಂದ ರಾತ್ರಿ ಆನೆಗಳು ಹೊಲಕ್ಕೆ ಬರುತ್ತವೆ. ತಾಳವಾಡಿ ಕಡೆಯ ರೈತರಿಗೆ ಬಹಳ ತೊಂದರೆ ಕೊಟ್ಟ ಕರುಪ್ಪನ್ ಎಂಬ ಆನೆಯನ್ನು 2023ರ ಏಪ್ರಿಲ್ ತಿಂಗಳಲ್ಲಿ ಅರಣ್ಯ ಇಲಾಖೆಯವರು ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಆದರೂ ಕಾವಲು ತಪ್ಪಿಲ್ಲ. ನಾನು ಅಟ್ಟಣೆಯ ಮೇಲೆ ಟಾರ್ಚು ಹಿಡಿದು ಕೂರುತ್ತೇನೆ. ಒಂದು ಸಲ ಆನೆ ನಮ್ಮ ರಾಗಿಯನ್ನು ತುಳಿದು ತಿಂದು ಹೋಯಿತು. "ಇದನ್ನು ಯಾವ ಕಡೆ ಬರೆಯುವುದಪ್ಪ? ಬಂದದ್ದೂ ಅಲ್ಲ, ನಾವು ಖರ್ಚು ಮಾಡಿದ್ದೂ ಅಲ್ಲ" ಎಂದು ಮಗ ಕೇಳಿದ. "ನಷ್ಟ" ಎಂಬ ಹೊಸ ಸಾಲನ್ನು ಸೇರಿಸಿದೆವು. ಬೆಳೆಹಾನಿಗೆ ಪರಿಹಾರ ಕೇಳಿ ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದು ಎಂದು ನಾನು ತಿಳಿಸಿದೆ. ಅರ್ಜಿ ಬರೆಯುವಾಗ ಮಗಳು ಪಕ್ಕದಲ್ಲೇ ಕುಳಿತು ನೋಡಿದಳು.

ಮೈಸೂರಿನ ಮಾತು ಏನಾಯಿತು ಎಂದು ನೀವು ಕೇಳಬಹುದು. ಅದನ್ನು ಮಕ್ಕಳು ಬಿಡಲಿಲ್ಲ. ಒಂದು ಡಬ್ಬಿಗೆ "ಪ್ರವಾಸ" ಎಂದು ಚೀಟಿ ಅಂಟಿಸಿದರು. ಹಾಲಿನ ಹಣ ಬಂದಾಗಲೆಲ್ಲ ಅದಕ್ಕೆ ಸ್ವಲ್ಪ ಹಾಕಿದೆವು. ನನ್ನ "ಇತರೆ"ಯಲ್ಲಿ ಉಳಿದದ್ದೂ ಅಲ್ಲಿಗೇ ಹೋಯಿತು. ಎಲ್ಲಿಗೆ ಹೋಗುವುದು ಎಂದು ಮತ್ತೆ ಚರ್ಚೆ ನಡೆಯಿತು. ನಾನು ಭವಾನಿಸಾಗರ ಅಣೆಕಟ್ಟು ಎಂದೆ. ಮಗಳು, "ನಾನು ರೈಲು ಹತ್ತಿಯೇ ಇಲ್ಲ. ಚಾಮರಾಜನಗರದಿಂದ ಮೈಸೂರಿಗೆ ರೈಲಿದೆ" ಎಂದಳು. ಮಗ ಮೃಗಾಲಯ ಎಂದ. "ಆನೆ ನೋಡಲು ದುಡ್ಡು ಕೊಟ್ಟು ಅಷ್ಟು ದೂರ ಹೋಗಬೇಕೇ? ನಮ್ಮ ಹೊಲಕ್ಕೇ ಬರುತ್ತದಲ್ಲ!" ಎಂದು ಅವ್ವ ನಗಾಡಿದರು. ಆದರೂ ಕೈ ಎತ್ತುವಾಗ ಮಕ್ಕಳ ಕಡೆಗೇ ಎತ್ತಿದರು. ನಾನು ಸೋತೆ.

ಮಕ್ಕಳು ಲೆಕ್ಕ ಹಾಕಿದರು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ ಎಂದು ಮಗ ಶಾಲೆಯಲ್ಲಿ ಕೇಳಿಕೊಂಡು ಬಂದ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ನಮ್ಮ ವಿಳಾಸ ತಮಿಳುನಾಡಿನದು. ಆದುದರಿಂದ ಆ ಬಸ್ಸಿನಲ್ಲಿ ಅಜ್ಜಿಗೂ ಅಮ್ಮನಿಗೂ ಟಿಕೆಟ್ ಬೇಕು ಎಂದು ಮಗಳು ಬರೆದಿಟ್ಟಳು. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುವುದೆಂದು ಗೊತ್ತಾಯಿತು.

ಪೊಂಗಲ್ ರಜೆಯಲ್ಲಿ ಒಂದು ದಿನ ಹೊರಟೆವು. ಪಕ್ಕದ ಮನೆಯವರು ನಮ್ಮ ಹಸುಗಳನ್ನು ನೋಡಿಕೊಂಡರು. ನಂಜನಗೂಡಿನಲ್ಲಿ ರೈಲು ಕಪಿಲಾ ನದಿಯನ್ನು ದಾಟುವಾಗ ಮಗಳು ಕಿಟಕಿಯನ್ನು ಬಿಟ್ಟು ಕದಲಲಿಲ್ಲ. 1892ರಲ್ಲಿ ಆರಂಭವಾದ ಆ ಹಳೆಯ ಮೃಗಾಲಯದಲ್ಲಿ ಮಗ ಜಿರಾಫೆಯ ಮುಂದೆ ಬಹಳ ಹೊತ್ತು ನಿಂತ. ಮರದ ಕೆಳಗೆ ಕುಳಿತು ಪುಳಿಯೋಗರೆ ತಿಂದೆವು. ನಮ್ಮದು ಕಾಡಿನ ಹಾದಿ, ಕತ್ತಲಾಗುವ ಮೊದಲು ಮನೆ ಸೇರಬೇಕು. ಆದುದರಿಂದ ಅರಮನೆಯ ದೀಪಗಳನ್ನು ನೋಡಲು ನಿಲ್ಲಲಿಲ್ಲ. ಮಗ ಹಟ ಮಾಡಲಿಲ್ಲ. ರಾತ್ರಿ ಉಳಿದರೆ ಎಷ್ಟು ಖರ್ಚಾಗುತ್ತದೆ ಎಂದು ಅವನೇ ಕೂಡಿ ನೋಡಿದ್ದ. ಡಬ್ಬಿಯಲ್ಲಿ 45 ರೂಪಾಯಿ ಉಳಿದಿತ್ತು.

ಹಣ ಕೊಟ್ಟು ದೂರ ಹೋದರೆ ಮಾತ್ರ ಪ್ರವಾಸ ಎಂದು ನಾನು ಹೇಳುವುದಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯ ಗುಮಟಾಪುರದಲ್ಲಿ ಗೊರೆಹಬ್ಬ ನಡೆಯುತ್ತದೆ. ಜನರು ಸಗಣಿಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದು ನಲಿಯುತ್ತಾರೆ. ಅದನ್ನು ನೋಡಲು ಟಿಕೆಟ್ ಬೇಕಿಲ್ಲ. ಡಾ. ರಾಜ್‌ಕುಮಾರ್ ಅವರ ಊರು ಗಾಜನೂರು ಕೂಡ ನಮ್ಮ ತಾಳವಾಡಿಯ ಕಡೆಯದೇ. ಒಟ್ಟಿಗೆ ಹೋಗಿ ಒಟ್ಟಿಗೆ ನೋಡುವುದು ಮುಖ್ಯ.

"ಮಕ್ಕಳ ತಲೆಗೆ ಈಗಲೇ ಹಣದ ಚಿಂತೆ ತುಂಬಬೇಡ" ಎಂದು ನನ್ನ ಗೆಳೆಯನೊಬ್ಬ ಹೇಳುತ್ತಾನೆ. ಅವನ ಮಾತಿನಲ್ಲಿಯೂ ನಿಜವಿದೆ. ಸಾಲವನ್ನು ತೀರಿಸುವುದು ದೊಡ್ಡವರ ಕೆಲಸ. ಮಕ್ಕಳನ್ನು ದುಡಿಯಲು ಕಳಿಸುವುದು ತಪ್ಪು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಎಂದು 2009ರ ಕಾನೂನು ಹೇಳುತ್ತದೆ. ಆದುದರಿಂದ ಶಾಲೆ, ಊಟ, ಔಷಧ ಇವು ನಮ್ಮ ಜಗುಲಿಯ ಚರ್ಚೆಗೆ ಬರುವುದಿಲ್ಲ. ಹಣ ಕಡಿಮೆಯಾದರೆ ಬೇರೆ ಖರ್ಚು ಕಡಿಮೆಯಾಗಬೇಕು, ಇವಲ್ಲ. ಆದರೆ ತಿಳಿಯುವುದು ಬೇರೆ, ಹೊರುವುದು ಬೇರೆ. ಮಕ್ಕಳು ತಿಳಿಯಲಿ, ಭಾರವನ್ನು ನಾವು ಹೊರುತ್ತೇವೆ.

ಮಗಳಿಗೆ ಹತ್ತು ವರ್ಷ ತುಂಬಿತು. ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲಿಯೇ ಉಳಿತಾಯ ಖಾತೆ ತೆರೆಯಬಹುದು. ಅವಳು ಅದಕ್ಕಾಗಿ ಸಹಿ ಮಾಡುವುದನ್ನು ಕಲಿಯುತ್ತಿದ್ದಾಳೆ. ಕನ್ನಡದಲ್ಲಿಯೇ ಸಹಿ ಮಾಡುತ್ತಾಳಂತೆ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಪ್ರತಿ ವಾರದ ಮೊದಲ ಸಾಲು ಒಂದೇ. "ಮನೆಗೆ ಇಟ್ಟುಕೊಂಡ ಹಾಲು." ಅದನ್ನು ಬರೆದ ಮೇಲೆಯೇ ಡೈರಿಗೆ ಹಾಕಿದ ಹಾಲಿನ ಲೆಕ್ಕ. ಮಗಳು ಈಗ ದಿನವೂ ಒಂದು ಲೋಟ ಹಾಲು ಕುಡಿಯುತ್ತಾಳೆ. ಹೊಲ ನಮ್ಮದಾಗಿಯೇ ಇದೆ ಎಂದು ಅವಳಿಗೆ ಗೊತ್ತು.

ಮಕ್ಕಳೇ, ಈ ಭಾನುವಾರ ನೀವೂ ಒಂದು ನೋಟುಪುಸ್ತಕ ಹಿಡಿದು ಅಪ್ಪ ಅಮ್ಮನ ಬಳಿ ಕುಳಿತುಕೊಳ್ಳಿ. "ನಮ್ಮ ಮನೆಯ ಲೆಕ್ಕವನ್ನು ನಾನು ಬರೆಯಲೇ?" ಎಂದು ಕೇಳಿ. ಮೊದಲ ದಿನ ಅವರು ನಕ್ಕು ಕಳಿಸಬಹುದು. ಇನ್ನೊಂದು ಭಾನುವಾರ ಮತ್ತೆ ಕೇಳಿ.