ಹದಿನೆಂಟು ತುಂಬಿದ ಮೇಲೆ ಎಲ್ಲಿಗೆ?

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಕಾಲದ ಮಾತು. ಒಂದು ಬೆಳಿಗ್ಗೆ ಹುಡುಗನೊಬ್ಬ ಪಾಸ್‌ಬುಕ್ ಹಿಡಿದು ಬಂದ. ಬಾಲಮಂದಿರದಲ್ಲಿ ಬೆಳೆದವನು. ಹಿಂದಿನ ವಾರವಷ್ಟೇ ಹದಿನೆಂಟು ತುಂಬಿತ್ತು. ಅಪ್ರಾಪ್ತರ ಖಾತೆ ಹದಿನೆಂಟರ ನಂತರ ಹಾಗೆಯೇ ನಡೆಯುವುದಿಲ್ಲ. ಹೊಸದಾಗಿ ಸಹಿ ಹಾಕಿ, ಗುರುತಿನ ಮತ್ತು ವಿಳಾಸದ ದಾಖಲೆ ಕೊಡಬೇಕು. ಫಾರ್ಮ್ ಕೊಟ್ಟೆ. ಹೆಸರು ಬರೆದ, ಹುಟ್ಟಿದ ದಿನ ಬರೆದ. ವಿಳಾಸದ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಸಾರ್, ಇಲ್ಲಿ ಏನು ಬರೆಯಲಿ? ಮಂದಿರದಿಂದ ಹೊರಗೆ ಬಂದಾಯ್ತಲ್ಲ."

"ದಾಖಲೆ ತಗೊಂಡು ನಾಳೆ ಬಾ" ಎಂದೆ. ನಮಗೆ ಅದು ಬಾಯಿಪಾಠ. ಅವನು ಮತ್ತೆ ಬರಲಿಲ್ಲ. ಆ ತಪ್ಪು ನನ್ನದೇ.

ನಮ್ಮ ಮನೆಗಳಲ್ಲಿ ಹದಿನೆಂಟನೇ ಹುಟ್ಟುಹಬ್ಬಕ್ಕೆ ಪಾಯಸ ಮಾಡುತ್ತೇವೆ. ಬಾಲಮಂದಿರದ ಮಕ್ಕಳಿಗೆ ಅದು ಗಂಟುಮೂಟೆ ಕಟ್ಟುವ ದಿನ. ಆಗ ತಾನೇ ಪಿಯುಸಿ ಮುಗಿದಿರುತ್ತದೆ, ಇಲ್ಲವೇ ಡಿಗ್ರಿಯ ಮೊದಲ ವರ್ಷ. ಕಾಲೇಜು ಫೀಸು, ಬಾಡಿಗೆ, ಊಟ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತಾರೆ; ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಪೋಷಕರ ಸಹಿ ಕೇಳುತ್ತಾರೆ. ಹಾಸ್ಟೆಲ್ ಸಿಕ್ಕಿದರೂ ರಜೆಯಲ್ಲಿ ಬಾಗಿಲು ಹಾಕಿದರೆ ಹೋಗುವುದೆಲ್ಲಿಗೆ? ಜಾಣ ಮಕ್ಕಳೂ ಓದು ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರುವುದು ಹೀಗೆ.

ಆದರೆ ಕಾನೂನು ಇವರ ಕೈ ಬಿಟ್ಟಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಪ್ರಕಾರ, ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಸಮಾಜದಲ್ಲಿ ನೆಲೆ ನಿಲ್ಲಲು ಹಣದ ನೆರವು ಕೊಡಬಹುದು. ಇದಕ್ಕೆ ಅನುಪಾಲನೆ ಎನ್ನುತ್ತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಈ ಸೌಲಭ್ಯ ಉಂಟು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಗುಮಾಸ್ತನ ಲೆಕ್ಕ ಹಾಕಿದೆ: ವರ್ಷಕ್ಕೆ 48,000, ಮೂರು ವರ್ಷಕ್ಕೆ 1,44,000. ಬೆಂಗಳೂರಿನಂಥ ಊರಿನಲ್ಲಿ ಇಷ್ಟರಲ್ಲೇ ಬದುಕುವುದು ಕಷ್ಟ. ಆದರೂ ಒಂದು ಡಿಗ್ರಿ ನಿಂತುಹೋಗದಂತೆ ತಡೆಯಲು ಇದು ಆಸರೆ.

ಹಣ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು, ಅರ್ಜಿ ತುಂಬಬೇಕು. ಅದನ್ನೂ ಹದಿನೆಂಟು ತುಂಬಿದ ಮೇಲಲ್ಲ, ಮೊದಲೇ ಶುರು ಮಾಡಬೇಕು. ಆಧಾರ್, ಅಂಕಪಟ್ಟಿ, ಪ್ರಮಾಣಪತ್ರ, ಪಾಸ್‌ಬುಕ್ ಇವಿಷ್ಟೂ ಹೊರಡುವ ಮುನ್ನವೇ ಕೈಯಲ್ಲಿರಬೇಕು. ಹದಿನೇಳರ ಹುಡುಗನಿಗೆ ಇದನ್ನೆಲ್ಲ ಹೇಳಿಕೊಡುವವರು ಯಾರು?

ನಾವೇ. ನಿವೃತ್ತ ಮೇಷ್ಟ್ರುಗಳಿಗೆ, ನನ್ನಂಥ ಗುಮಾಸ್ತರಿಗೆ ಸಮಯವೂ ಉಂಟು, ಫಾರ್ಮುಗಳ ಪರಿಚಯವೂ ಉಂಟು. ಹತ್ತಿರದ ಬಾಲಮಂದಿರದ ಅಧೀಕ್ಷಕರನ್ನು ಕಂಡು ಅನುಮತಿ ಪಡೆದು, ಪಿಯುಸಿ ಓದುವ ಮಕ್ಕಳ ಜೊತೆ ವಾರಕ್ಕೆ ಒಂದು ಗಂಟೆ ಕೂತರೂ ಸಾಕು.

ಮಕ್ಕಳೇ, ನಿಮಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಬಾಲಮಂದಿರದಿಂದ ಬರುವ ಗೆಳೆಯರಿದ್ದರೆ "ನಿನ್ನ ಅಪ್ಪ ಅಮ್ಮ ಎಲ್ಲಿ?" ಎಂದು ಕೆದಕಬೇಡಿ. "ಮುಂದೆ ಏನು ಓದುತ್ತೀಯ?" ಎಂದು ಕೇಳಿ. ನಾನು ಆ ಹುಡುಗನಿಗೆ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.