ತಾರಸಿಗೆ ಕಲ್ಲುಬಾನಿ: ಎರಕ ಹೊಯ್ಯಬೇಕೇ, ಮಣ್ಣಿನ ಕುಂಡವೇ ಸಾಕೇ?

ದನಗಳಿಗೆ ನೀರಿಡುತ್ತಿದ್ದ ಹಳೆಯ ಕಲ್ಲುಬಾನಿಗಳಲ್ಲಿ ಬೆಟ್ಟದ ಪುಟ್ಟ ಗಿಡಗಳನ್ನು ಬೆಳೆಸುವ ಗೀಳು 1920–30ರ ದಶಕಗಳಲ್ಲಿ ಇಂಗ್ಲೆಂಡಿನ ತೋಟಗಾರರಿಗೆ ಹಿಡಿದಿತ್ತು. ಬೇಡಿಕೆ ಏರಿ ಬಾನಿಗಳು ಸಿಗದಂತಾದವು. ಆಗ ಸಿಮೆಂಟಿಗೆ ಮರಳು, ಪೀಟ್ (ಜೌಗುನೆಲದ ಅರೆಕೊಳೆತ ಸಸ್ಯದಂಶ) ಬೆರೆಸಿ ಕಲ್ಲನ್ನೇ ಹೋಲುವ ತೊಟ್ಟಿ ಎರಕ ಹೊಯ್ಯತೊಡಗಿದರು. ಅದೇ ಹೈಪರ್‌ಟೂಫಾ. ನಮ್ಮ ತಾರಸಿ ತೋಟಗಳಲ್ಲಿ ಪೀಟ್ ಜಾಗಕ್ಕೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ಹಾಕಬಹುದು. ಆದರೆ ಮಣ್ಣಿನ ಕುಂಡ ಸುಲಭವಾಗಿ ಸಿಗುವ ಊರಿನಲ್ಲಿ ಇಷ್ಟು ಪಾಡು ಬೇಕೇ?

ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಪರ್ಲೈಟ್ ಎಂಬ ಹಗುರ ಹರಳು, ಒಂದೂವರೆ ಪಾಲು ಕೊಕೊಪೀಟ್ ಸೇರಿಸಿದರೆ ತೊಟ್ಟಿ ಕಾಂಕ್ರೀಟಿಗಿಂತ ಎಷ್ಟೋ ಹಗುರ. ತಾರಸಿಯ ಮೇಲೆ ಇದು ಸಣ್ಣ ಅನುಕೂಲವಲ್ಲ. ವಿಶೇಷ ಉಪಕರಣವೂ ಬೇಡ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಒಂದೆರಡು ಹನಿ ನೀರಷ್ಟೇ ಇಳಿಯಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಹಳೆಯ ಟಬ್ಬಿನೊಳಗೆ ಅದನ್ನು ಎರಡು ಇಂಚು ದಪ್ಪಕ್ಕೆ ಒತ್ತಿ, ತಳದಲ್ಲಿ ನೀರು ಬಸಿಯಲು ತೂತು ಬಿಟ್ಟರಾಯಿತು. ಮರುದಿನ ಕಳಚಿ ತಂತಿ ಬ್ರಷ್ಷಿನಿಂದ ಉಜ್ಜಿದರೆ ಹಳೆಗಲ್ಲಿನ ಒರಟು ಬರುತ್ತದೆ. ಅಗಲವಾದ, ಆಳವಿಲ್ಲದ ಬಾನಿ ಕುಂಬಾರರಲ್ಲಿ ಸಿಗುವುದು ಅಪರೂಪ. ಇಲ್ಲಿ ಅಳತೆ ನಿಮ್ಮದೇ.

ಬೇಡ ಎನ್ನುವವರ ತಕರಾರೂ ಗಟ್ಟಿಯಾದುದೇ. ಹಸಿ ಸಿಮೆಂಟಿನ ಕ್ಷಾರ ಚರ್ಮ ಸುಡುತ್ತದೆ, ಪರ್ಲೈಟ್ ಧೂಳು ಉಸಿರಿಗೆ ಒಳ್ಳೆಯದಲ್ಲ. ಕೈಗವಸು, ಮಾಸ್ಕ್ ಬೇಕೇ ಬೇಕು. ಕಳಚಿದ ಮೇಲೂ ತೇವ ಆರದಂತೆ ಮೂರ್ನಾಲ್ಕು ವಾರ ಕ್ಯೂರಿಂಗ್ ಆಗಬೇಕು. ಆಮೇಲೆ ನೀರು ಬದಲಾಯಿಸುತ್ತ ನೆನೆಸಿ ಸುಣ್ಣದಂಶ ತೆಗೆಯಬೇಕು. ಇಲ್ಲದಿದ್ದರೆ ಹುಳಿಮಣ್ಣು ಬಯಸುವ ಕೇಪಳದಂಥ ಗಿಡದ ಎಲೆ ಹಳದಿಯಾಗುತ್ತದೆ. ಹಗುರವಾಗಲೆಂದು ನಾರಿನ ಪುಡಿ ಹೆಚ್ಚಿಸಿದರೆ ಗೋಡೆ ಅಷ್ಟೇ ದುರ್ಬಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇಕಡಾ 7–8. ಕುಂಬಾರರ ಆವಿಗೆಯೂ ಹೊಗೆಯುಗುಳುತ್ತದೆ, ನಿಜ. ಆದರೆ ಸಿಮೆಂಟ್ ಬಳಸಿದ ತೊಟ್ಟಿಗೆ ಪರಿಸರಸ್ನೇಹಿ ಎಂಬ ಪಟ್ಟ ಸಲ್ಲದು.

ಈ ತೂಗಾಟದಲ್ಲಿ ಹವೆಯನ್ನು ಮರೆಯುವಂತಿಲ್ಲ. ಇಂಗ್ಲೆಂಡಿನ ಚಳಿಗಾಲದಲ್ಲಿ ಮಣ್ಣಿನ ಕುಂಡ ಹೀರಿಕೊಂಡ ನೀರು ಹೆಪ್ಪುಗಟ್ಟಿ, ಕುಂಡ ಸೀಳುತ್ತದೆ. ಸರಿಯಾಗಿ ಹದಗೊಂಡ ಹೈಪರ್‌ಟೂಫಾ ಅದನ್ನು ತಾಳಿಕೊಳ್ಳುತ್ತದೆ. ಅಲ್ಲಿ ಅದಕ್ಕಿರುವ ದೊಡ್ಡ ಬೆಲೆ ಇದೇ. ಕರ್ನಾಟಕದಲ್ಲಿ ಈ ಸಮಸ್ಯೆಯೇ ಇಲ್ಲ. ಗೋಡೆಯಿಂದ ತೇವ ಆವಿಯಾಗಿ ಬೇರನ್ನು ತಂಪಾಗಿಡುವ ಗುಣವಂತೂ ಮಣ್ಣಿನ ಕುಂಡಕ್ಕೆ ಮೊದಲಿನಿಂದಲೂ ಇದೆ.

ಹಾಗಾಗಿ ತುಳಸಿಗೋ ದಾಸವಾಳಕ್ಕೋ ಕುಂಡ ಬೇಕಿದ್ದರೆ ಕುಂಬಾರರಲ್ಲಿ ಕೊಳ್ಳುವುದೇ ಲೇಸು. ಲೋಳೆಸರ, ಸಕ್ಯುಲೆಂಟ್‌ಗಳ ಸಾಲಿಗೆ ಮೂರಡಿಯ ಬಾನಿ ಬೇಕು, ತಿಂಗಳು ಕಾಯುವ ತಾಳ್ಮೆಯೂ ಇದೆ ಎಂದಾದರೆ ಒಂದನ್ನು ಎರಕ ಹೊಯ್ಯಿರಿ. ಎರಡನೆಯದು ಬೇಕೋ ಬೇಡವೋ ಎಂಬುದನ್ನು ಒಂದು ಮಳೆಗಾಲ ಕಳೆದ ಮೇಲೆ ನಿರ್ಧರಿಸಿದರಾಯಿತು.